ಹತ್ತರಲ್ಲಿ ಒಂಬತ್ತು ಸರಿ

ಎಮೆರಿ ಹುದಾಕ್ ಹೆಸರಿಸಿದ ತಂಡ ಸೋಲುವುದಿಲ್ಲ ಎಂಬ ಮಾತು ಲೊರೇನ್ ಊರಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಇತ್ತು. ಪೂರ್ತಿ ನಿಜವಲ್ಲ, ಅವರ ಮಾತು ಸುಳ್ಳಾದದ್ದೂ ಉಂಟು. ಆದರೆ ಸುಳ್ಳಾದಾಗ ಅವರೇ ಮೊದಲು ನಕ್ಕುಬಿಡುತ್ತಿದ್ದರು, ನಿಜವಾದದ್ದನ್ನು ಊರಿನವರು ನೆನಪಿಟ್ಟುಕೊಳ್ಳುತ್ತಿದ್ದರು. ಪೈಪ್ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದ ಮನುಷ್ಯ. ಜನವರಿ ಬಂತೆಂದರೆ ಪ್ರತಿ ಶುಕ್ರವಾರ ಬೆಳಿಗ್ಗೆ ಏಳೂ ನಲವತ್ತಕ್ಕೆ ಸ್ಥಳೀಯ ರೇಡಿಯೊದವರು ಮನೆಗೆ ಫೋನ್ ಮಾಡುತ್ತಿದ್ದರು. ಆ ವಾರದ ಅಮೆರಿಕನ್ ಫುಟ್‌ಬಾಲ್ ಪ್ಲೇಆಫ್‌ನಲ್ಲಿ, ಸೋತ ತಂಡ ಮನೆಗೆ ಹೋಗುವ ಆ ಕೊನೆಯ ಸುತ್ತುಗಳಲ್ಲಿ, ಯಾರು ಗೆಲ್ಲುತ್ತಾರೆ, ಯಾಕೆ ಗೆಲ್ಲುತ್ತಾರೆ ಎಂದು ಅವರು ಅಡುಗೆಮನೆಯ ಗೋಡೆಗೆ ಒರಗಿ ನಿಂತು ಹೇಳುತ್ತಿದ್ದರು. ಊರು ಕಾಫಿ ಕುಡಿಯುತ್ತ ಕೇಳುತ್ತಿತ್ತು.

ಆ ವರ್ಷದ ಮೊದಲ ಶುಕ್ರವಾರ, ಸೊಸೆ ರಾಂಡಾ ಶಾಲೆಯ ಅಡುಗೆ ಕೆಲಸಕ್ಕೆ ಹೊರಡುವ ಮುಂಚೆ ಮಾವನಿಗೆ ಓಟ್ಸ್ ಗಂಜಿ ಹಾಕಿಕೊಟ್ಟಳು. ಬಟ್ಟಲ ಪಕ್ಕದಲ್ಲಿ ಅವರು ಬರೆದಿಟ್ಟ ಚೀಟಿ ಇತ್ತು. ಆರು ಪಂದ್ಯಕ್ಕೆ ಆರು ಹೆಸರು ಇರಬೇಕಾದಲ್ಲಿ ಹನ್ನೊಂದು ಇದ್ದವು. ಮೊದಲನೆಯದು ಹ್ಯೂಸ್ಟನ್ ಆಯಿಲರ್ಸ್. ಆ ತಂಡ ಹ್ಯೂಸ್ಟನ್ ಬಿಟ್ಟು ಹೋದಾಗ ರಾಂಡಾಳ ಮಗಳು ಇನ್ನೂ ಹುಟ್ಟಿರಲಿಲ್ಲ. ಅದರ ಕೆಳಗೆ ಕ್ಲೀವ್‌ಲ್ಯಾಂಡ್, ಎರಡು ಸಲ. ಕ್ಲೀವ್‌ಲ್ಯಾಂಡ್ ಆ ವರ್ಷ ನಾಲ್ಕೇ ಪಂದ್ಯ ಗೆದ್ದು, ಪ್ಲೇಆಫಿನ ಬಾಗಿಲನ್ನೂ ಕಾಣದೆ ಮನೆ ಸೇರಿತ್ತು.

"ಮಾವ, ಇದು ಈ ವಾರದ್ದಾ?"

"ಮತ್ತೆ ಯಾವ ವಾರದ್ದು?" ಎಂದರು ಎಮೆರಿ. ಆಮೇಲೆ ಅವಳ ಮುಖ ನೋಡಿ ಚಮಚ ಕೆಳಗಿಟ್ಟರು. "ಸರಿ ಇಲ್ವಾ?"

"ಒಂಚೂರು ಹೆಚ್ಚುಕಮ್ಮಿ ಆಗಿದೆ."

"ಫೋನ್ ಎಷ್ಟೊತ್ತಿಗೆ?"

"ಇನ್ನು ಹನ್ನೆರಡು ನಿಮಿಷ."

ಅವರು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡರು. "ಗೆರಾರ್ಡ್‌ಗೆ ಹೇಳ್ಬೇಡ ಮಗಳೇ," ಎಂದರು.

ಎಮೆರಿಯ ಮಗ ಗೆರಾರ್ಡನನ್ನು ಮದುವೆಯಾಗಿ ರಾಂಡಾ ಈ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಅತ್ತೆ ಇರ್ಮಾಗೆ ಅವಳ ಅಡುಗೆ ಹಿಡಿಸಲಿಲ್ಲ, ಬಟ್ಟೆ ಮಡಿಸುವುದು ಹಿಡಿಸಲಿಲ್ಲ, ಅವಳ ತಾಯಿ ಕುಡಿಯುತ್ತಿದ್ದದ್ದಂತೂ ಮೊದಲೇ ಹಿಡಿಸಿರಲಿಲ್ಲ. ಭಾನುವಾರ ಮಧ್ಯಾಹ್ನ ಟೀವಿಯ ಮುಂದೆ ತಮ್ಮ ಪಕ್ಕ ಕುರ್ಚಿ ಎಳೆದು, "ಬಾ, ಕೂತ್ಕೋ, ಇದು ಅಡುಗೆಗಿಂತ ಸುಲಭ" ಎಂದವರು ಮಾವ ಒಬ್ಬರೇ. ಆಟ ಕಲಿಸಿದರು. ಜನವರಿಯ ಚಳಿಯಲ್ಲಿ ಚೆಂಡು ಎಸೆಯುವವನಿಗಿಂತ ಹಿಡಿದು ಓಡುವವನು ಮೇಲು, ಮೇಲ್ಛಾವಣಿಯ ಕೆಳಗೆ ಆಡಿ ಬೆಳೆದ ತಂಡವನ್ನು ಹಿಮಕ್ಕೆ ಕರೆದರೆ ನಂಬಬೇಡ, ಚೆಂಡು ಕೈಬಿಡುವ ತಂಡವನ್ನು ಎಲ್ಲಿಯೂ ನಂಬಬೇಡ. ಇಪ್ಪತ್ತೇಳು ವರ್ಷ ಅವಳು ಇದನ್ನೆಲ್ಲ ಕೇಳಿದ್ದಳು.

ಅವಳು ದಿನಸಿ ಪಟ್ಟಿಯ ಹಿಂಬದಿಯಲ್ಲಿ ಆರು ಹೆಸರು ಬರೆದಳು, ಪ್ರತಿಯೊಂದರ ಮುಂದೆ ಒಂದು ಸಾಲು ಕಾರಣ. ಫೋನ್ ಬಂತು. ಎಮೆರಿ ಕನ್ನಡಕ ಏರಿಸಿ ಓದಿದರು, ನಡುನಡುವೆ ಹಳೆಯ ಧಾಟಿಯಲ್ಲೇ ಕೆಮ್ಮಿ, ನಕ್ಕು. "ಮಯಾಮಿಯವ್ರು ಬಫಲೋಗೆ ಬರ್ತಾರೆ, ಸ್ವೆಟರ್ ಇಲ್ದೆ ಬರ್ತಾರೆ" ಎಂದದ್ದು ಚೀಟಿಯಲ್ಲಿ ಇರಲಿಲ್ಲ. ರೇಡಿಯೊದವನು ನಕ್ಕ. ರಾಂಡಾ ಕೋಟು ಹಾಕಿಕೊಂಡು ಹೊರಟಳು. ಮೊದಲ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಶಾಲೆಯ ಕಸದ ಡಬ್ಬಿಗೆ ಹಾಕಿದಳು.

ಆರರಲ್ಲಿ ಐದು ಸರಿಯಾಯಿತು.

ಸೋಮವಾರ ಶಾಲೆಯ ಅಡುಗೆಮನೆಯಲ್ಲಿ ಅದೇ ಮಾತು. "ನಿನ್ನ ಮಾವ ಮನುಷ್ಯನೇ ಅಲ್ಲ ಕಣೇ," ಎಂದಳು ಆಲೂಗಡ್ಡೆ ಬೇಯಿಸುವ ಹೆಂಗಸು. "ಡೆನ್ವರ್ ಸೋಲುತ್ತೆ ಅಂತ ಟೀವಿಯಲ್ಲಿ ಒಬ್ನೂ ಹೇಳಿರ್ಲಿಲ್ಲ." ರಾಂಡಾ ಹಬೆಯ ಕಡೆ ಮುಖ ತಿರುಗಿಸಿ ನಕ್ಕಳು. ಡೆನ್ವರ್ ಸೋಲುತ್ತದೆಂದು ಬರೆಯುವಾಗ ಅವಳ ಕೈ ಒಂದು ಗಳಿಗೆಯೂ ನಿಂತಿರಲಿಲ್ಲ.

ಆ ವಾರ ಮನೆಯಲ್ಲಿ ಬೇರೆಯದೇ ನಡೆಯುತ್ತಿತ್ತು. ಹಾಲಿನ ಡಬ್ಬ ತಟ್ಟೆಗಳ ಕಪಾಟಿನಲ್ಲಿ ಸಿಕ್ಕಿತು. ಬುಧವಾರ ರಾಂಡಾ ಕೆಲಸದಿಂದ ಬಂದಾಗ ಒಲೆ ಉರಿಯುತ್ತಿತ್ತು, ಮೇಲೆ ಏನೂ ಇರಲಿಲ್ಲ. ಕಾರಿನ ಬಲಬದಿಯಲ್ಲಿ ಉದ್ದಕ್ಕೆ ಒಂದು ಗೀರು. ಅದು ಎಲ್ಲಿ ಆಯಿತೆಂದು ಎಮೆರಿಗೆ ಗೊತ್ತಿರಲಿಲ್ಲ.

ಗುರುವಾರ ರಾತ್ರಿಯೂಟಕ್ಕೆ ಎಲೆಕೋಸಿನ ಸುರುಳಿ. ಗೆರಾರ್ಡ್ ಕೌಂಟಿ ಆಡಳಿತದ, ಹಿಮ ಬಾಚಿ ರಸ್ತೆಗೆ ಉಪ್ಪು ಹಾಕುವ ಲಾರಿ ಓಡಿಸುತ್ತಿದ್ದ. ಜನವರಿಯಲ್ಲಿ ಅವನು ಮನೆಯಲ್ಲಿ ಇರುತ್ತಿದ್ದದ್ದೇ ಊಟಕ್ಕೆ, ನಿದ್ದೆಗೆ. ಮಗಳು ಮರೀಸಾಗೆ ಹತ್ತೊಂಬತ್ತು, ವೃದ್ಧರ ಆರೈಕೆ ಮನೆಯೊಂದರಲ್ಲಿ ಸಹಾಯಕಿ. ಬೆಳಗಿನ ಪಾಳಿಗೆ ತಾತನೇ ಅವಳನ್ನು ಕಾರಿನಲ್ಲಿ ಬಿಡುತ್ತಿದ್ದರು. ಎಮೆರಿ ಬೇಗ ಉಂಡು ಮಲಗಲು ಹೋದಮೇಲೆ ಅವಳು ಹೇಳಿದಳು:

"ನಾಳೆಯಿಂದ ನಾನು ತಾತನ ಕಾರಲ್ಲಿ ಹೋಗಲ್ಲ."

"ಯಾಕೆ, ಏನಾಯ್ತು?" ಎಂದ ಗೆರಾರ್ಡ್.

"ಇವತ್ತು ಕೆಂಪು ದೀಪ ಇದ್ದಂಗೇ ಹೋದ್ರು. ನಾನು ಕೂಗ್ದೆ. ಆಮೇಲೆ ನನ್ನನ್ನ ಅಜ್ಜಿ ಹೆಸರಿಂದ ಕರೆದ್ರು. ಅಪ್ಪ, ನಾನು ದಿನಾ ಇಂಥೋರ ಮಧ್ಯೆನೇ ಕೆಲ್ಸ ಮಾಡೋದು. ಇದು ಶುರುವಾಗಿದೆ. ಡಾಕ್ಟರಿಗೆ ತೋರಿಸ್ಬೇಕು, ಕಾರಿನ ಕೀ ತಗೋಬೇಕು."

"ಎಂಟು ತಿಂಗಳು ಮುದುಕರ ಹಾಸಿಗೆ ಬದಲಾಯ್ಸಿ ಡಾಕ್ಟರ್ ಆಗ್ಬಿಟ್ಳು ನೋಡು."

"ಡಾಕ್ಟರ್ ಅಲ್ಲ, ಅದಕ್ಕೇ ತೋರಿಸಿ ಅಂತಿರೋದು."

"ಆರರಲ್ಲಿ ಐದು," ಎಂದ ಗೆರಾರ್ಡ್, ಫೋರ್ಕನ್ನು ಅವಳತ್ತ ಚಾಚಿ. "ನೀನು ಹೇಳು, ಹೇಳ್ತೀಯಾ ಆರರಲ್ಲಿ ಐದು? ನಾನು ಮೂರು ಹೇಳಿದ್ದೆ. ತಲೆ ಕೆಟ್ಟೋರು ಹಂಗೆ ಲೆಕ್ಕ ಹಾಕ್ತಾರಾ?"

"ಅಮ್ಮ, ನೀನಾದ್ರೂ ಹೇಳು."

ರಾಂಡಾ ಎಲೆಕೋಸಿನ ಪಾತ್ರೆ ಎತ್ತಿಕೊಂಡು ಸಿಂಕಿನ ಕಡೆ ಹೋದಳು. "ತೋರಿಸಿದ್ರೆ ತಪ್ಪೇನಿಲ್ಲ," ಎಂದಳು, ನಲ್ಲಿ ತಿರುಗಿಸುತ್ತ.

ಗೆರಾರ್ಡ್ ಗೊಣಗಿ ಒಪ್ಪಿದ. ಮುಂದಿನ ಮಂಗಳವಾರಕ್ಕೆ ಡಾಕ್ಟರ ಸಮಯ ತೆಗೆದುಕೊಂಡದ್ದಾಯಿತು. ಮರೀಸಾ ಕಾರಿನ ಕೀಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಮಾರನೆಯ ಬೆಳಿಗ್ಗೆ ಹಿಮದಲ್ಲಿ ಎರಡು ಮೈಲಿ ನಡೆದು ಕೆಲಸಕ್ಕೆ ಹೋದಳು.

ಅದೇ ಬೆಳಿಗ್ಗೆ ರಾಂಡಾ ಎರಡನೆಯ ವಾರದ ನಾಲ್ಕು ಹೆಸರು ಬರೆದಳು. ಈ ಸಲ ಮಾವನನ್ನು ಕೇಳಲಿಲ್ಲ, ಅವರೂ ಪೆನ್ನು ಹುಡುಕಲಿಲ್ಲ. ಹಿಂದಿನ ಸಂಜೆ ಅವಳು ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಕೂತು ಪತ್ರಿಕೆಯ ಕ್ರೀಡಾ ಪುಟವನ್ನು ಎರಡು ಸಲ ಓದಿದ್ದಳು. ಬಾಲ್ಟಿಮೋರ್ ತಂಡದ ಎಸೆತಗಾರನ ಹೆಬ್ಬೆರಳಿಗೆ ಪಟ್ಟಿ ಸುತ್ತಿದ ಫೋಟೋ ಇತ್ತು. ಬಾಲ್ಟಿಮೋರ್ ಬೇಡ ಎಂದು ಬರೆದಳು.

ನಾಲ್ಕಕ್ಕೆ ನಾಲ್ಕೂ ಸರಿಯಾಯಿತು.

ಭಾನುವಾರ ಸಂಜೆ ಕೊನೆಯ ಸೀಟಿ ಊದಿದಾಗ ಗೆರಾರ್ಡ್ ತಂದೆಯ ಭುಜ ತಟ್ಟಿದ. "ಹತ್ತರಲ್ಲಿ ಒಂಬತ್ತು! ಅಪ್ಪ, ನೀವು ನಮ್ಮನ್ನೆಲ್ಲ ಮಣ್ಣು ಮಾಡಿ ಆಮೇಲೆ ಹೋಗೋರು." ಎಮೆರಿ ಹೊಗಳಿಕೆ ಕೇಳಿದ ಶಾಲಾ ಹುಡುಗನಂತೆ ನಕ್ಕು ರಾಂಡಾಳ ಕಡೆ ನೋಡಿದರು. ಗೆರಾರ್ಡ್ ಅಡುಗೆಮನೆಗೆ ಬಂದು ಬಿಯರ್ ತೆಗೆದುಕೊಂಡ. ಅವನ ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಹಗುರವಿತ್ತು.

"ಮಂಗಳವಾರ ಡಾಕ್ಟರ್ ಬೇಡ. ನಾನು ಫೋನ್ ಮಾಡಿ ಹೇಳ್ತೀನಿ."

"ಗೆರಾರ್ಡ್, ತೋರಿಸೋದು ತೋರಿಸಿಬಿಡೋಣ."

"ಅಮ್ಮನ್ನೂ ಹಿಂಗೇ 'ತೋರಿಸೋಣ' ಅಂತ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ವಿ. ಅಲ್ಲಿಂದ ಮನೆಗೆ ಬಂದ್ಳಾ? ಹತ್ತರಲ್ಲಿ ಒಂಬತ್ತು ಹೇಳೋ ಮನುಷ್ಯನ್ನ ಆ ಜಾಗಕ್ಕೆ ಹಾಕೋಕೆ ನಂಗೆ ಆಗಲ್ಲ." ಮಹಡಿಯ ಕಡೆ ತಿರುಗಿ ಕೂಗಿದ, "ಮರೀಸಾ, ತಾತನ ಕೀ ಎಲ್ಲಿಟ್ಟಿದೀಯೋ ತಂದು ಗೋಡೆ ಮೊಳೆಗೆ ಹಾಕು."

ಮರೀಸಾ ಇಳಿದು ಬಂದು ಹಿಟ್ಟಿನ ಡಬ್ಬಿಯಲ್ಲಿ ಮೊಣಕೈವರೆಗೆ ಕೈಹಾಕಿ ಕೀ ತೆಗೆದಳು. ಒರೆಸಲೂ ಇಲ್ಲ, ಹಾಗೇ ಮೊಳೆಗೆ ತಗುಲಿಸಿದಳು. "ಇದು ನೀನು ಮಾಡಿದ್ದು, ನೆನಪಿಟ್ಕೋ ಅಪ್ಪ," ಎಂದು ಮೇಲೆ ಹೋದಳು.

ಆಗ ಹೇಳಬಹುದಿತ್ತು. ಗೆರಾರ್ಡ್ ಎದುರಿಗೇ ಇದ್ದ, ಕೈಯಲ್ಲಿ ಅರ್ಧ ಬಿಯರ್ ಇತ್ತು, ಸಿಟ್ಟೂ ಇರಲಿಲ್ಲ. ರಾಂಡಾ ನೆಲದ ಮೇಲೆ ಉದುರಿದ ಹಿಟ್ಟನ್ನು ಒರೆಸಿದಳು.

ಮೂರನೆಯ ಶುಕ್ರವಾರ ಶಾಲೆಯ ಕೊಳಾಯಿ ಹೆಪ್ಪುಗಟ್ಟಿ ಒಡೆಯಿತೆಂದು ಅವಳನ್ನು ಆರು ಗಂಟೆಗೇ ಕರೆದರು. ಎರಡೇ ಪಂದ್ಯ, ಎರಡೇ ಹೆಸರು. ಚೀಟಿ ಬರೆದು ಫೋನಿಗೆ ಅಂಟಿಸಿ, ಮಾವನಿಗೆ ಮೂರು ಸಲ ತೋರಿಸಿ ಹೋದಳು. ಏಳೂ ನಲವತ್ತಕ್ಕೆ ಶಾಲೆಯ ಅಡುಗೆಮನೆಯ ರೇಡಿಯೊ ಹಾಕಿದಳು.

"ಹೇಳಿ ಎಮೆರಿ, ಊರೆಲ್ಲ ಕಾಯ್ತಾ ಇದೆ."

"ಕ್ಲೀವ್‌ಲ್ಯಾಂಡ್," ಎಂದರು ಎಮೆರಿ.

ರೇಡಿಯೊದವನು ಗಹಗಹಿಸಿದ. "ಕ್ಲೀವ್‌ಲ್ಯಾಂಡಾ! ಆಮೇಲೆ?"

"ಇನ್ನೊಂದು ಇರ್ಮಾ ಹತ್ರ ಇದೆ. ಪೇಪರಿನಿಂದ ಕತ್ತರ್ಸಿ ಇಟ್ಟಿದಾಳೆ. ಅವಳು ಚರ್ಚಿಗೆ ಹೋಗಿದಾಳೆ, ಬಂದ್ಮೇಲೆ ಹೇಳ್ತೀನಿ."

ಇರ್ಮಾ ತೀರಿಕೊಂಡು ಎಂಟು ವರ್ಷವಾಗಿತ್ತು. ಅದು ರೇಡಿಯೊದವನಿಗೆ ಗೊತ್ತಿರಲಿಲ್ಲ. "ಹೆಂಡತೀನ ಕೇಳ್ದೆ ಏನೂ ಹೇಳಲ್ಲ ಅಂತೆ, ಇದಪ್ಪಾ ಜಾಣತನ," ಎಂದು ಹಾಡು ಹಾಕಿದ. ಅಡುಗೆಮನೆಯ ಹೆಂಗಸರೆಲ್ಲ ನಕ್ಕರು. ಬ್ರೆಡ್ ಕತ್ತರಿಸುತ್ತಿದ್ದ ರಾಂಡಾ ಚಾಕು ಕೆಳಗಿಟ್ಟು ಶೀತಕೋಣೆಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸಂಜೆ ಊಟಕ್ಕೆ ಕೂತಾಗ ಗೆರಾರ್ಡ್ ಇನ್ನೂ ನಗುತ್ತಿದ್ದ. "ಡಿಪೋದಲ್ಲಿ ಎಲ್ರೂ ಬಿದ್ದು ಬಿದ್ದು ನಕ್ರು ಅಪ್ಪ. ಕ್ಲೀವ್‌ಲ್ಯಾಂಡ್ ಅಂತೆ."

"ನಕ್ರಾ?" ಎಂದರು ಎಮೆರಿ, ಸೂಪಿನಿಂದ ತಲೆಯೆತ್ತಿ.

"ಅವ್ರು ತಮಾಷೆ ಮಾಡಿದ್ದಲ್ಲ," ಎಂದಳು ಮರೀಸಾ.

"ನಿಂಗೆ ಎಲ್ಲಾನೂ ಕಾಯಿಲೇನೇ."

"ಗೆರಾರ್ಡ್," ಎಂದಳು ರಾಂಡಾ.

"ಏನು?"

ಮಾವ ಅವಳನ್ನೇ ನೋಡುತ್ತಿದ್ದರು. ಏನನ್ನು ಹೇಳಬಾರದೆಂದು ಅವರು ಕೇಳಿಕೊಂಡಿದ್ದರೋ ಅದು ಅವರಿಗೆ ಮರೆತಿತ್ತು. ಹೇಳಬಾರದು ಎಂಬುದಷ್ಟೇ ಉಳಿದಿತ್ತು.

"ಏನಿಲ್ಲ. ಬ್ರೆಡ್ ಬೇಕಾ?"

ಭಾನುವಾರದ ಪಂದ್ಯ ಮುಗಿಯಲಿ, ಸೋಮವಾರ ಹೇಳುತ್ತೇನೆ ಎಂದು ಅವಳು ಲೆಕ್ಕ ಹಾಕಿಕೊಂಡಳು.

ಭಾನುವಾರ ಹನ್ನೊಂದೂವರೆಗೆ ಬಿಸಿಲಿತ್ತು. ರಾಂಡಾ ಮಧ್ಯಾಹ್ನದೂಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ಗೆರಾರ್ಡ್ ಮುಂಜಾನೆಯ ಪಾಳಿ ಮುಗಿಸಿ ಬಂದು ಸೋಫಾದಲ್ಲಿ ನಿದ್ದೆಹೋಗಿದ್ದ. ಹೊರಗೆ ಕಾರು ಶುರುವಾದ ಸದ್ದು ಕೇಳಿತು. ಮಾವ ದಿನಾ ಕಾರು ಬಿಸಿ ಮಾಡುತ್ತಿದ್ದರು. ಅವಳು ಕೈಯಲ್ಲಿದ್ದ ಆಲೂಗಡ್ಡೆ ಮುಗಿಸಿದಳು. ಎಂಜಿನ್ನು ಒಮ್ಮೆಲೇ ಅಬ್ಬರಿಸಿತು. ಆಮೇಲೆ ಒಂದು ಸದ್ದು, ಹೆಚ್ಚು ದೊಡ್ಡದೇನಲ್ಲ, ಒದ್ದೆ ಮೂಟೆ ಬಿದ್ದಂತೆ.

ಎದುರುಮನೆಯ ನಿಲ್ಸಾ ಫೆಲಿಸಿಯಾನೊ ತನ್ನ ಮನೆಯ ಮುಂದೆ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಿದ್ದವಳು. ಅರವತ್ಮೂರು ವರ್ಷದ ವಿಧವೆ, ಇಪ್ಪತ್ತು ವರ್ಷದಿಂದ ಎದುರಿಗಿದ್ದವಳು. ಈಗ ಕಾರಿನ ಮೂತಿಗೂ ಅವಳದೇ ಗೇಟಿನ ಕಂಬಕ್ಕೂ ನಡುವೆ ಇದ್ದಳು. ಪ್ಲಾಸ್ಟಿಕ್ ಬಕೆಟ್ಟಿನ ಉಪ್ಪು ಹಿಮದ ಮೇಲೆ ಹರಡಿತ್ತು. ಎಮೆರಿ ಕಾರಿನಲ್ಲೇ ಸ್ಟೀರಿಂಗ್ ಹಿಡಿದು ಕೂತಿದ್ದರು, ಕುತ್ತಿಗೆಗೆ ಟೈ ಕಟ್ಟಿಕೊಂಡು.

"ಇರ್ಮಾನ ಕರ್ಕೊಂಡು ಬರ್ಬೇಕು," ಎಂದರು ರಾಂಡಾಗೆ. "ಚರ್ಚು ಬಿಟ್ಟಿರುತ್ತೆ."

ಮೂರು ಗಂಟೆಗೆ ಪೊಲೀಸ್ ಅಧಿಕಾರಿ ಮನೆಗೆ ಬಂದಳು, ಮೂವತ್ತರೊಳಗಿನ ಹೆಂಗಸು. ಅಷ್ಟರಲ್ಲಿ ಆಸ್ಪತ್ರೆಯಿಂದ ಸುದ್ದಿ ಬಂದಿತ್ತು: ನಿಲ್ಸಾ ಬದುಕಿದ್ದಾಳೆ, ಸೊಂಟದ ಮೂಳೆ ಪುಡಿಯಾಗಿದೆ, ಎಡಗಾಲನ್ನು ಮಂಡಿಯ ಮೇಲಿಂದ ತೆಗೆಯಬೇಕು. ಎಮೆರಿಯನ್ನು ಪರೀಕ್ಷೆಗೆಂದು ಅದೇ ಆಸ್ಪತ್ರೆಯಲ್ಲಿ ಇರಿಸಿಕೊಂಡಿದ್ದರು. ಅಡುಗೆಮನೆಯ ಮೇಜಿನ ಸುತ್ತ ಮೂವರು ಕೂತಿದ್ದರು. ಸುಲಿದ ಆಲೂಗಡ್ಡೆ ನೀರಿನಲ್ಲಿ ಹಾಗೇ ಇತ್ತು.

"ರಸ್ತೆ ಜಾರ್ತಿತ್ತು," ಎಂದ ಗೆರಾರ್ಡ್. "ಅಷ್ಟೇ ಆಗಿರೋದು. ಹಿಮ."

"ರಸ್ತೆಗೆ ಉಪ್ಪು ಹಾಕಿದೆ, ಸರ್. ಒಣಗಿತ್ತು. ನಾನು ನೋಡ್ದೆ."

ಹಾಕಿದವನು ಅವನೇ, ಬೆಳಿಗ್ಗೆ ಐದಕ್ಕೆ. ಅವನು ಬಾಯಿ ಒರೆಸಿಕೊಂಡ. "ಹಂಗಾದ್ರೆ ಬ್ರೇಕು ಅಂತ ಬೇರೇದು ಒತ್ತಿರ್ಬೇಕು. ಯಾರಿಗೆ ಬೇಕಾದ್ರೂ ಆಗುತ್ತೆ. ಅವ್ರ ತಲೆ ನೆಟ್ಟಗಿದೆ. ನೀವು ರೇಡಿಯೊ ಕೇಳ್ತೀರಾ?"

"ನಮ್ಮಪ್ಪ ಕೇಳ್ತಾರೆ."

"ಹಂಗಾದ್ರೆ ಅವ್ರನ್ನೇ ಕೇಳಿ. ಹತ್ತು ಪಂದ್ಯದಲ್ಲಿ ಒಂಬತ್ತು. ಕಾರಣ ಸಮೇತ. ತಲೆ ಕೆಟ್ಟೋರು ಹೇಳ್ತಾರಾ? ಬರ್ಕೊಳ್ಳಿ ಇದನ್ನ."

ಅಧಿಕಾರಿ ನಿಜವಾಗಿಯೂ ಬರೆದುಕೊಳ್ಳತೊಡಗಿದಳು.

"ಬರೀಬೇಡಿ," ಎಂದಳು ರಾಂಡಾ. "ಅದನ್ನ ಹೇಳಿದ್ದು ನಾನು."

ಗೆರಾರ್ಡ್ ಅವಳತ್ತ ತಿರುಗಿದ. "ಏನಂದೆ?"

"ಹತ್ತೂ ನಾನು ಬರ್ಕೊಟ್ಟಿದ್ದು. ಅವ್ರು ಓದಿದ್ರು, ಅಷ್ಟೇ. ಅವ್ರು ಬರ್ದಿದ್ದ ಚೀಟೀಲಿ ಹ್ಯೂಸ್ಟನ್ ಆಯಿಲರ್ಸ್ ಇತ್ತು."

"ಯಾವತ್ತಿಂದ ಮೇಡಂ?" ಎಂದು ಕೇಳಿದಳು ಅಧಿಕಾರಿ.

"ಮೊದಲ್ನೇ ಶುಕ್ರವಾರದಿಂದ."

"ಅಂದ್ರೆ ಅವ್ರಿಗೆ ಜ್ಞಾಪಕ ಸರಿಯಿಲ್ಲ ಅಂತ ನಿಮಗೆ ಗೊತ್ತಿತ್ತು. ಕಾರು ಓಡಿಸ್ತಾರೆ ಅಂತ್ಲೂ ಗೊತ್ತಿತ್ತು."

"ಗೊತ್ತಿತ್ತು."

ಅಧಿಕಾರಿ ಹಿಂದಿನ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಮರೀಸಾ ಎದ್ದು ಹೋಗಿ ಮೊಳೆಯ ಹತ್ತಿರ ನಿಂತಳು, ಗೋಡೆಗೆ ಮುಖ ಮಾಡಿ. ಅಧಿಕಾರಿ ಹೋದಮೇಲೆ ಗೆರಾರ್ಡ್ ಆಲೂಗಡ್ಡೆಯ ಪಾತ್ರೆ ಎತ್ತಿ ನೀರು ಸಮೇತ ಕಸದ ಡಬ್ಬಿಗೆ ಸುರಿದು ಹೊರಗೆ ಹೋದ.

ಅವನು ಮಾತಾಡಿದ್ದು ನಾಲ್ಕು ದಿನದ ಮೇಲೆ, ತಂದೆಯನ್ನು ಪಕ್ಕದ ಊರು ಎಲೀರಿಯಾದ ಆರೈಕೆ ಮನೆಯೊಂದಕ್ಕೆ ಸೇರಿಸಿ ಬಂದ ಸಂಜೆ. ಹೊರಬಾಗಿಲಿಗೆ ಸಂಖ್ಯೆ ಒತ್ತಿ ತೆರೆಯುವ ಬೀಗವಿದ್ದ ಜಾಗ. ಎಮೆರಿ ಮೊದಲು ಒಳ್ಳೆಯ ಹೋಟೆಲೆಂದು ಹೊಗಳಿದರು. ಮಗ ಕೋಟು ಹಾಕಿಕೊಂಡಾಗ ತಾವೂ ಹಾಕಿಕೊಂಡರು. "ಅಪ್ಪ, ನೀವು ಇಲ್ಲೇ" ಎಂದಾಗ, "ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದರು. ಗೆರಾರ್ಡ್ ಇದನ್ನು ಹೇಳಿದ್ದು ಮರೀಸಾಗೆ. ತಟ್ಟೆ ಹಿಡಿದು ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದ.

"ಡಾಕ್ಟರ್ ಬೇಡ ಅಂದವ್ನು ನಾನು," ಎಂದ ಕೊನೆಗೆ, ರಾಂಡಾಳನ್ನು ನೋಡದೆ. "ಕೀ ಮೊಳೆಗೆ ಹಾಕ್ಸಿದವ್ನೂ ನಾನೇ. ನಾನು ಕುರುಡ ಆಗಿದ್ದೆ. ಆದ್ರೆ ನೀನು ನೋಡ್ತಾ ಇದ್ದೆ."

"ನಾನು ಹೇಳಿದ್ದೆ ಅಪ್ಪ," ಎಂದಳು ಮರೀಸಾ.

"ನೀನು ಹೇಳಿದ್ದೆ. ಇವಳು ಹೇಳಿದ್ರೆ ನಂಬ್ತಿದ್ದೆ."

"ಅವ್ರು ಬೇಡ ಅಂದ್ರು," ಎಂದಳು ರಾಂಡಾ. "ಗೆರಾರ್ಡ್‌ಗೆ ಹೇಳ್ಬೇಡ ಅಂದ್ರು. ನಂಗೆ ಅವ್ರು ಬಿಟ್ರೆ ಈ ಮನೇಲಿ ಮೊದ್ಲು ಯಾರಿದ್ರು?"

"ಅಷ್ಟೇನಾ?"

ಅಷ್ಟೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಸೋಮವಾರಗಳಂದು ಹೆಂಗಸರ ಮಾತು ಕೇಳಲು ಅವಳು ಹತ್ತು ನಿಮಿಷ ಮುಂಚೆ ಕೆಲಸಕ್ಕೆ ಹೋಗುತ್ತಿದ್ದಳು.

"ಸರಿಯಾಗಿ ಹೇಳ್ತಿದ್ದೆ ನಾನು," ಎಂದಳು. "ಜೀವಮಾನದಲ್ಲಿ ಮೊದಲ್ನೇ ಸಲ ಊರೆಲ್ಲ ನನ್ನ ಮಾತು ಕೇಳ್ತು."

ಗೆರಾರ್ಡ್ ತಟ್ಟೆಯನ್ನು ಸಿಂಕಿನಲ್ಲಿಟ್ಟ. ಆ ರಾತ್ರಿಯಿಂದ ತಂದೆಯ ಕೋಣೆಯಲ್ಲಿ ಮಲಗಿದ.

ಅಂತಿಮ ಪಂದ್ಯದ ಭಾನುವಾರದ ಹೊತ್ತಿಗೆ ನಿಲ್ಸಾಳನ್ನು ಆಸ್ಪತ್ರೆಯಿಂದ ಮರೀಸಾ ಕೆಲಸ ಮಾಡುವ ಆರೈಕೆ ಮನೆಗೆ ತಂದಿದ್ದರು. ಅವಳ ಮನೆಗೆ ಮೆಟ್ಟಿಲು ಹೆಚ್ಚು. ಫ್ಲೋರಿಡಾದಲ್ಲಿದ್ದ ಮಗ ಬಂದು ಆಗಲೇ ಮನೆ ಮಾರಾಟಕ್ಕಿದೆ ಎಂಬ ಫಲಕ ನೆಟ್ಟು ಹೋಗಿದ್ದ. ರಾಂಡಾ ಕೋಳಿ ಸೂಪು ಮಾಡಿ ಡಬ್ಬಿಗೆ ಹಾಕಿಕೊಂಡು ನಡೆದೇ ಹೋದಳು. ಎಲ್ಲರೂ ಟೀವಿ ಕೋಣೆಯಲ್ಲಿ ಸೇರಿದ್ದರಿಂದ ಹಜಾರ ಖಾಲಿಯಿತ್ತು.

ನಿಲ್ಸಾ ದಿಂಬಿಗೆ ಒರಗಿದ್ದಳು. ಹೊದಿಕೆ ಒಂದು ಬದಿಯಲ್ಲಿ ಚಪ್ಪಟೆಯಾಗಿತ್ತು. ರಾಂಡಾ ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಮೊದಲ ಚೀಟಿಯಿಂದ.

"ಪೊಲೀಸ್ ಹುಡುಗಿ ಹೇಳಿದ್ಳು," ಎಂದಳು ನಿಲ್ಸಾ. "ನೀನೇ ಬಂದು ಹೇಳ್ತೀಯಾ ಅಂತ ನೋಡ್ತಿದ್ದೆ."

"ಬರ್ಬೇಕು ಅಂತ ದಿನಾ ಅಂದ್ಕೊಂಡೆ."

"ಅವತ್ತು ನಾನು ಎಮೆರಿಗೆ ಕೈ ಬೀಸ್ದೆ. ಅವ್ರೂ ಬೀಸಿದ್ರು. ಬೀಸ್ತಾನೇ ಬಂದ್ರು." ಅವಳು ಹೊದಿಕೆಯ ಅಂಚನ್ನು ನೇರ ಮಾಡಿದಳು. "ಗಂಡನಿಗೆ ಹೇಳೋದು ಕಷ್ಟ, ಒಪ್ಕೋತೀನಿ. ಮಾವನ ಮಾತು ಮೀರೋದೂ ಕಷ್ಟ. ಆದ್ರೆ ನನ್ನ ಮನೆ ಎದುರಿಗೇ ಇತ್ತಲ್ಲ ರಾಂಡಾ. ಇಪ್ಪತ್ತು ಹೆಜ್ಜೆ. ಒಂದ್ಸಲ ದಾಟಿ ಬಂದು 'ನಿಲ್ಸಾ, ಆ ಕಾರು ಹೊರಟ್ರೆ ನೀನು ಒಳಗೆ ಹೋಗು' ಅಂದಿದ್ರೆ ಸಾಕಿತ್ತು. ನಾನು ಯಾರಿಗೂ ಹೇಳ್ತಿರ್ಲಿಲ್ಲ."

ರಾಂಡಾಗೆ ಇಷ್ಟು ದಿನವೂ ಅದೊಂದು ಹೊಳೆದಿರಲಿಲ್ಲ.

"ಸೂಪು ತಗೊಂಡು ಹೋಗು," ಎಂದಳು ನಿಲ್ಸಾ. "ಇನ್ನು ಬರ್ಬೇಡ. ನಿನ್ನ ಮಗಳು ಬರ್ತಾಳೆ, ಅವಳು ಸಾಕು. ಅವಳ ಕೈ ಹಗುರ."

ಅಷ್ಟರಲ್ಲಿ ಮರೀಸಾ ಕೈಗವಸು ಹಾಕಿಕೊಳ್ಳುತ್ತ ಒಳಗೆ ಬಂದಳು. ತಾಯಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. "ಮಗ್ಗುಲು ಬದಲಾಯ್ಸೋ ಹೊತ್ತು. ಆಚೆ ಇರಮ್ಮ," ಎಂದಳು, ಬೇರೆ ಯಾರೋ ಸಂದರ್ಶಕರಿಗೆ ಹೇಳುವಂತೆ.

ರಾಂಡಾ ಹಜಾರಕ್ಕೆ ಬಂದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಮರೀಸಾ ಮೆಲ್ಲನೆ, "ಒಂದು, ಎರಡು, ಮೂರು" ಎಂದು ಎಣಿಸುವುದು ಕೇಳಿಸಿತು. ಮೂರಕ್ಕೆ ನಿಲ್ಸಾಳ ಬಾಯಿಂದ ಹಲ್ಲುಕಚ್ಚಿ ತಡೆದ ಒಂದು ನರಳಿಕೆ ಬಂತು. ಮರೀಸಾ ಮತ್ತೆ ಮೊದಲಿನಿಂದ ಎಣಿಸತೊಡಗಿದಳು.